ಚಂದು ಹತ್ತದ ದೋಣಿ

ನನ್ನ ಮೈ ಹೆಬ್ಬಲಸಿನ ಮರದ್ದು. ಗಂಗೊಳ್ಳಿಯ ಹೊಳೆದಂಡೆಯಲ್ಲಿ ಒಬ್ಬ ಮುಂಗೋಪಿ ಆಚಾರಿ ನನ್ನನ್ನು ಕಟ್ಟಿ, ಗೇರೆಣ್ಣೆ ಬಳಿದು ನೀರಿಗೆ ತಳ್ಳಿದ. ಒಂದು ಹನಿಯೂ ಒಳಗೆ ಬರಲಿಲ್ಲ. ಅಂದಿನಿಂದ ನನಗೆ ಸ್ವಲ್ಪ ಜಂಬ.

ಮೊದಲ ಯಜಮಾನ ದೊಡ್ಡ ಬೋಟು ತಂದು ನನ್ನನ್ನು ಬಚ್ಚ ಮೊಗವೀರನಿಗೆ ಮಾರಿದ. ಬಚ್ಚ ಮತ್ತು ಅವನ ಅಣ್ಣ ಹದಿನೆಂಟು ವರ್ಷ ನನ್ನ ಮೇಲೆ ಮೀನು ಹಿಡಿದರು. ಒಬ್ಬ ಹುಟ್ಟು ಹಾಕಿದರೆ ಇನ್ನೊಬ್ಬ ಬಲೆ ಎಳೆಯುತ್ತಿದ್ದ. ಬಚ್ಚನ ಹೆಂಡತಿ ಚಂದು ದಡದಲ್ಲೇ ನಿಂತು ಬುಟ್ಟಿ ತುಂಬಿಕೊಳ್ಳುತ್ತಿದ್ದಳು. ಬಲೆಯಿರುವ ದೋಣಿಗೆ ಹೆಂಗಸರು ಹತ್ತಬಾರದೆಂಬುದು ಆ ಮನೆಯ ಕಟ್ಟು.

ಅಣ್ಣ ತೀರಿಕೊಂಡ. ಜೊತೆಗೆ ಬರುವವರು ಸಿಗಲಿಲ್ಲ. ಗಟ್ಟಿಯಾಳುಗಳೆಲ್ಲ ದೊಡ್ಡ ಬೋಟುಗಳ ಪಾಲಾಗಿದ್ದರು. ಬಚ್ಚ ಒಬ್ಬನೇ ಹೊರಟ. ಹೊಳೆ ಕಡಲು ಸೇರುವ ಅಳಿವೆಯಲ್ಲಿ ನೀರು ಯಾರ ಮಾತೂ ಕೇಳುವುದಿಲ್ಲ. ಚಂದುವಿಗೆ ದಿಗಿಲಾಯಿತು. ಪ್ರವಾಸಿಗರಿಗೆ ಚಾ ಕೊಟ್ಟು ಸುತ್ತಿಸುವ ಚಪ್ಪಟೆ ದೋಣಿಯೊಂದು ಮಾರಾಟಕ್ಕಿದೆ, ಇದನ್ನು ಕೊಟ್ಟು ಅದನ್ನು ತರೋಣ ಎಂದಳು. ಅದರಲ್ಲಿ ಬಲೆಯಿಲ್ಲ, ತಾನೂ ಹತ್ತಬಹುದು, ಇಬ್ಬರೂ ಹೊಳೆಯೊಳಗೇ ದುಡಿಯಬಹುದು.

ನೋಡಲೆಂದು ಅದನ್ನು ತಂದು ಒಂದು ದಿನ ನನ್ನ ಪಕ್ಕ ಕಟ್ಟಿದರು. ಡ್ರಮ್ಮುಗಳ ಮೇಲೆ ಹಲಗೆ, ಸುತ್ತ ಕಂಬಿ, ಮೇಲೊಂದು ಚಪ್ಪರ. ದೋಣಿಯೋ ಮಂಚವೋ ಎಂದು ಒಳಗೊಳಗೇ ನಕ್ಕೆ. ಚಂದು ಹತ್ತಿ ಕಂಬಿ ಹಿಡಿದು ನಿಂತಳು. ಅವಳ ಮುಖ ಅಷ್ಟು ಅರಳಿದ್ದನ್ನು ನಾನು ಕಂಡೇ ಇರಲಿಲ್ಲ. ಬಚ್ಚ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತ, ಎದ್ದ, ಇಳಿದು ಬಂದು ನನ್ನ ಅಂಚಿನ ಮೇಲೆ ಕೈಯಿಟ್ಟ.

"ಬಲೆ ಬಿಡು ಕೈಯಂಗೆ ಚಾ ಲೋಟ ಹಿಡುಕೆ ನಂಗಾತಿಲ್ಲ."

"ಹಂಗಾರೆ ನಾನೂ ಇದ್ರಂಗೇ ಬತ್ತೆ. ಹುಟ್ಟ್ ನಾನ್ ಹಾಕ್ತೆ," ಎಂದಳು ಚಂದು, ನನ್ನತ್ತ ಕೈತೋರಿ.

ಬಚ್ಚ ಅಡ್ಡಡ್ಡ ತಲೆಯಾಡಿಸಿದ. ಹಿರಿಯರ ಕಟ್ಟು ಮುರಿಯಲಾರೆ ಎಂದ. ಚಪ್ಪಟೆ ದೋಣಿ ವಾಪಸು ಹೋಯಿತು. ಗೆದ್ದೆನೆಂದು ನಾನು ಹಿಗ್ಗಿದೆ.

ಎರಡು ತಿಂಗಳ ಮೇಲೆ ಒಂದು ಬೆಳಿಗ್ಗೆ ಅಳಿವೆಯಲ್ಲಿ ಬಲೆ ತಳದ ಬಂಡೆಗೆ ಸಿಕ್ಕಿಕೊಂಡಿತು. ಬಚ್ಚ ಹುಟ್ಟು ಬಿಟ್ಟು ಎರಡೂ ಕೈಯಲ್ಲಿ ಎಳೆದ. ಹುಟ್ಟು ಹಿಡಿಯುವವರಿಲ್ಲದೆ ನಾನು ಅಡ್ಡ ತಿರುಗಿದೆ. ಪಕ್ಕದಿಂದ ಅಲೆ ಬಡಿಯಿತು. ಅವನು ಬಿದ್ದ, ಕಾಲಿಗೆ ಬಲೆ ಸುತ್ತಿಕೊಂಡಿತು. ಅವನ ಕೈ ಒಮ್ಮೆ ನನ್ನ ಅಂಚಿಗೆ ಸಿಕ್ಕಿ ಜಾರಿತು. ನಾನು ಮಾತ್ರ ಮುಳುಗಲಿಲ್ಲ.

ಈಗ ನಾನು ಮರಳಿನ ಮೇಲಿದ್ದೇನೆ, ಹಲಗೆಗಳು ಬಿರುಕು ಬಿಟ್ಟಿವೆ. ಅಂದು ಅವನು ಆ ಮಂಚವನ್ನೇ ಆರಿಸಿದ್ದರೆ ನನ್ನನ್ನು ಯಾರೋ ಕೊಂಡು ಸೌದೆಗೆ ಒಡೆಯುತ್ತಿದ್ದರೇನೋ. ಒಡೆದಿದ್ದರೆ ಒಳ್ಳೆಯದಿತ್ತು.

ಅವನ ಉತ್ತರಕ್ರಿಯೆಯ ಬೊಜ್ಜ ಮುಗಿದ ಮರುದಿನ ಚಂದು ಒಬ್ಬಳೇ ಬಂದಿದ್ದಳು. ಸೀರೆ ಎತ್ತಿಕಟ್ಟಿ, ಮೊದಲ ಸಲ ನನ್ನೊಳಗೆ ಕಾಲಿಟ್ಟಳು. ಹುಟ್ಟು ಹಾಕುವವರ ಹಲಗೆಯ ಮೇಲೆ ಕೂತು, ಎದುರಿಗಿದ್ದ ಅವನ ಹಲಗೆಯನ್ನು ಬಹಳ ಹೊತ್ತು ನೋಡಿದಳು.

"ಇಬ್ರಿಗೂ ಜಾಗ ಇದ್ದಿತ್ತ್," ಎಂದಳು.