ಗರಿಯ ಮೇಲಿನ ಹಳದಿ ಚುಕ್ಕೆ

ಅರಣ್ಯ ಇಲಾಖೆಯ ವಾಚರ್ ಶಿವನಂಜಯ್ಯ ಒಂದು ಗಾಳವನ್ನು ಪೇಪರಿನಲ್ಲಿ ಸುತ್ತಿಕೊಂಡು ನಾನು ಪಾಠ ಮಾಡುವ ಕಾಲೇಜಿನ ಲ್ಯಾಬಿಗೆ ಬಂದ. ಹಿಂದೆಯೇ ಬಂದ ಮೀನುಗಾರ ಮುತ್ತಯ್ಯ ಬಾಗಿಲಲ್ಲೇ ನಿಂತ.

"ಪಾಲಾರ್ ಒಳೆ ತಾವ ಇವನ ಡಬ್ಬೀಲಿ ಸಿಕ್ತು ಸಾ. ಕಾಡುಕೋಳಿ ಗರಿ. ನೀವು ಔದು ಅಂದ್ರೆ ಮೀನು ಇಡಿಯೋ ಪಾಸು ಓಯ್ತು, ಮ್ಯಾಲೆ ಕೇಸು," ಎಂದ ಶಿವನಂಜಯ್ಯ.

"ನಾಟಿ ಉಂಜದ್ದು ಕಣಪ್ಪಾ. ಸಾವ್ಕಾರ್ರಂಗೆ ಕುಂತವ್ರಲ್ಲ, ಅವ್ರೇ ಯೋಳ್ಕೊಟ್ಟಿದ್ದು," ಎಂದ ಮುತ್ತಯ್ಯ ನನ್ನತ್ತ ಕೈ ತೋರಿಸಿ.

ಹೇಳಿಕೊಟ್ಟದ್ದು ನಿಜ. ಗಾಳಕ್ಕೆ ಗರಿ ಸುತ್ತಿ ಹುಳುವಿನಂತೆ ಕಾಣುವ ಹಾಗೆ ಮಾಡುವುದು ಮುತ್ತಯ್ಯನಿಗೆ ತಾತನಿಂದ ಬಂದ ಕಸುಬು. ತಾತ ಕಾಡುಕೋಳಿಯ ಕತ್ತಿನ ಗರಿ ಕಟ್ಟುತ್ತಿದ್ದನಂತೆ. ಅದರ ಹಳದಿ ಚುಕ್ಕೆ ನೀರಿನಲ್ಲಿ ಹೊಳೆಯುತ್ತದೆ. ಈಗ ಆ ಹಕ್ಕಿಯನ್ನು ಮುಟ್ಟುವಂತಿಲ್ಲ. ಅದಕ್ಕೇ ನಾನು ನಾಟಿ ಹುಂಜದ ಗರಿಗೆ ಹಳದಿ ರೇಷ್ಮೆಗೂಡಿನ ಚೂರು ಅಂಟಿಸಿ ತೋರಿಸಿದ್ದೆ. ನನ್ನ ಚುಕ್ಕೆಗಳು ಎರಡು ದಿನ ನೆನೆದರೆ ಉದುರುತ್ತಿದ್ದವು.

ಇದರಲ್ಲಿ ಒಂದೂ ಉದುರಿರಲಿಲ್ಲ.

"ಯಾವಾಗ ಕಟ್ಟಿದ್ದು?"

"ಯುಗಾದಿಗೆ ಸಾ."

ಈಗ ಶ್ರಾವಣ, ಕಟ್ಟಿ ನಾಲ್ಕು ತಿಂಗಳಾಗಿತ್ತು. ಲೆನ್ಸ್ ಹಿಡಿದೆ. ಬರೀ ಹೊಳಪು, ಗೂಡಿನ ಎಳೆ ಕಾಣಲಿಲ್ಲ. ಹೋದ ವರ್ಷ ಮುತ್ತಯ್ಯ "ಅಸಲಿ ಗರಿ ಮುಂದೆ ಇದೆಲ್ಲ ಎಲ್ಲಿ ಸಾ" ಎಂದದ್ದು ನೆನಪಾಯಿತು. ಮುತ್ತಯ್ಯ ನನ್ನ ಮುಖವನ್ನೇ ನೋಡುತ್ತಿದ್ದ. ನಾನು ಅವನತ್ತ ನೋಡಲಿಲ್ಲ.

ಬೀಕರಿನಲ್ಲಿ ನೀರು ಕುದಿಸಿ, ಚಿಟಿಕೆ ಸೋಡಾ ಹಾಕಿ, ಗಾಳವನ್ನು ಇಳಿಬಿಟ್ಟೆ. ಗೂಡು ಬೇಯಿಸುವುದನ್ನು ರೇಷ್ಮೆಯ ಊರಾದ ಕೊಳ್ಳೇಗಾಲದಲ್ಲಿ ಯಾರೂ ಕಲಿಸಿಕೊಡಬೇಕಿಲ್ಲ. ಗೂಡಾದರೆ ಎಳೆ ಬಿಡುತ್ತದೆ, ಗರಿ ಬಿಡುವುದಿಲ್ಲ.

ಮೊದಲು ನೀರಿನ ಮೇಲೆ ಜೇನುಮೇಣ ತೇಲಿತು. ಆಮೇಲೆ ಚುಕ್ಕೆಗಳು ಮೆತ್ತಗಾಗಿ, ಸೂಜಿಯ ತುದಿಗೆ ನವಿರಾದ ಎಳೆಗಳು ಬಿಚ್ಚಿಕೊಂಡು ಬಂದವು.

"ರೇಷ್ಮೆಗೂಡು," ಎಂದೆ.

"ಉದುರ್ದೆ ಇರ್ಲಿ ಅಂತ ಮ್ಯಾಣ ಉಜ್ಜಿದ್ದೆ," ಎಂದ ಮುತ್ತಯ್ಯ. "ಕೇಳಿದ್ರೆ ಯೋಳ್ತಿದ್ದೆ. ಅನ್ಮಾನ ಪಡೋದು ಅವನ ಕೆಲ್ಸ. ನೀವ್ಯಾಕ್ಸಾ?"

ನಾನು ಬರ್ನರ್ ಆರಿಸಿದೆ. ಅಷ್ಟರಲ್ಲಿ ಶಿವನಂಜಯ್ಯ ಬಗ್ಗಿ ಬೀಕರನ್ನು ಮೂಸಿ ನೋಡಿದ.

"ಜೇನುಮೇಣ ಎಲ್ಲೀದು ಮುತ್ತಯ್ಯ? ಕಾಡಿಂದಾ? ಅದ್ಕೂ ಕೇಸು ಬೀಳ್ತದೆ."

ಮುತ್ತಯ್ಯ ಬಾಗಿಲಿಂದ ಒಂದು ಹೆಜ್ಜೆ ಹಿಂದೆ ಸರಿದ.

"ಹನೂರಿನ ಅಂಗಡಿಯದು," ಎಂದೆ. "ನಾನೇ ತಂದುಕೊಟ್ಟೆ."

ಶಿವನಂಜಯ್ಯ ನನ್ನನ್ನು ಒಂದು ಗಳಿಗೆ ದಿಟ್ಟಿಸಿ, ಮುತ್ತಯ್ಯನಿಂದ ಕಿತ್ತುಕೊಂಡಿದ್ದ ಪಾಸನ್ನು ಮೇಜಿನ ಮೇಲಿಟ್ಟು ಹೋದ. ಮುತ್ತಯ್ಯ ಮೊದಲ ಸಲ ಒಳಗೆ ಬಂದು, ಪಾಸು ಜೇಬಿಗಿಟ್ಟು, ಬೆಂದು ಹಾಳಾದ ಗಾಳವನ್ನು ಎತ್ತಿಕೊಂಡ. ಮೇಣ ಎಲ್ಲಿಯದೆಂದು ನಾನು ಕೇಳಲಿಲ್ಲ. ಇವತ್ತಿಗೂ ಕೇಳಿಲ್ಲ.