ಚಪ್ಪಾಳೆ ಮರೆತ ಮಮಿಲಿಯಸ್

ಮಮಿಲಿಯಸ್ ನಡೆಯುವಾಗ ಮೊದಲು ಅವನ ಮೂಗು ಹೋಗುತ್ತಿತ್ತು, ಆಮೇಲೆ ಅವನು. ರೋಮಿನ ಸುಬುರ ಕೇರಿಯ ಇಕ್ಕಟ್ಟು ಬೀದಿಯಲ್ಲಿ ತುದಿಗಾಲಿನ ಮೇಲೆ, ಮುಂದಕ್ಕೆ ಬಾಗಿ, ಎಲ್ಲೋ ಬೇಯುತ್ತಿರುವ ಮೀನಿನ ಜಾಡು ಹಿಡಿದವನಂತೆ ಬರುತ್ತಿದ್ದ ಆ ಕೃಶಕಾಯನ ಹೆಗಲಿಗೆ, ಇನ್ನೊಂದು ಸಲ ಒಗೆದರೆ ಪಂಚಭೂತಗಳಲ್ಲಿ ಲೀನವಾಗಲು ಸಿದ್ಧವಾಗಿದ್ದ, ಟೋಗಾ ಎಂಬ ಒಂದು ಉದ್ದನೆಯ ಹೊದಿಕೆ. ಮಾತೆತ್ತಿದರೆ "ಹರ್ಕ್ಯುಲಿಸನಾಣೆ" ಎನ್ನುತ್ತಿದ್ದ. ಮಾರುಕಟ್ಟೆಗೆ ದಾರಿ ಕೇಳಿದರೂ ಆ ಮಹಾವೀರ ಸಾಕ್ಷಿಗೆ ಬರಲೇಬೇಕಿತ್ತು.

ಅವನ ವೃತ್ತಿ, ಮೆಚ್ಚುವುದು. ರೋಮಿನಲ್ಲಿ ಕವಿಯಾದವನು ಯಾರದಾದರೂ ಸಭಾಂಗಣ ಬೇಡಿ, ಬೆಂಚು ಹಾಕಿಸಿ, ಕಾವ್ಯವನ್ನು ತಾನೇ ಓದಬೇಕು. ಕೇಳಿದವರು ಮೆಚ್ಚಿದರೆಂಬ ಸುದ್ದಿ ಊರಿಗೆ ಹಬ್ಬಬೇಕು. ಅದಕ್ಕಾಗಿ ಹಿಂದಿನ ಬೆಂಚುಗಳಲ್ಲಿ ಊಟದ ಆಸೆಗೆ ಬಂದ ನಲವತ್ತು ಜನ, ಅವರ ಮುಂದೆ ಮಮಿಲಿಯಸ್. ಅವನು ಅಂಗೈ ಗುಳಿಮಾಡಿ ತಟ್ಟಿದರೆ ಹೆಂಚಿನ ಮೇಲೆ ಮಳೆ ಸುರಿದ ಸದ್ದು, ಚಪ್ಪಟೆಯಾಗಿ ತಟ್ಟಿದರೆ ಇಟ್ಟಿಗೆ ಒಡೆದ ಸದ್ದು. ಉಳಿದ ನಲವತ್ತು ಜನರೂ ಅವನ ಕೈ ನೋಡಿಯೇ ಕೈ ಎತ್ತುವವರು. ಧಣಿ ವೊಕೋನಿಯಸ್ ಹನ್ನೊಂದು ವರ್ಷಗಳಿಂದ ಬರೆಯುತ್ತಿದ್ದ ದೇವದೈತ್ಯರ ಮಹಾಕಾವ್ಯದಲ್ಲಿ ದೈತ್ಯರಿನ್ನೂ ಬೆಟ್ಟ ಹತ್ತುತ್ತಲೇ ಇದ್ದರು. ಮಮಿಲಿಯಸನ ಮಳೆ ಮಾತ್ರ ನಿಂತಿರಲಿಲ್ಲ. ಪ್ರತಿಯಾಗಿ ಧಣಿಯ ಭೋಜನಶಾಲೆಯಲ್ಲಿ ಒರಗಿ ಉಣ್ಣುವ ಮಂಚಗಳ ಪೈಕಿ ಕೊನೆಯದರ ಕೊನೆಯ ಜಾಗ ಅವನದು. ಬೇರೆ ಅನ್ನದ ದಾರಿ ಅವನಿಗಿರಲಿಲ್ಲ. ನಾನೂ ಕವಿಯೇ; ನನ್ನ ಶೋಕಗೀತೆಗಳಿಗೂ ಒಮ್ಮೆ ಮಳೆಗರೆದಿದ್ದ. ಅದು ಕಾವ್ಯದ ಪುಣ್ಯವೆಂದು ನಾನು ತಿಳಿದಿದ್ದೆ; ಆವತ್ತು ಬಡಿಸಿದ ಹಂದಿಯ ಪುಣ್ಯವೆಂದು ನನ್ನ ಹೆಂಡತಿ.

ಒಂದು ಏಪ್ರಿಲ್‌ನಲ್ಲಿ ವೊಕೋನಿಯಸ್ ತನ್ನ ಸಭಾಂಗಣವನ್ನು ಆಫ್ರಿಕದಿಂದ ಬಂದಿದ್ದ ಟಿಟಿಯಾನಸ್ ಎಂಬ ಕವಿಗೆ ಬಿಟ್ಟುಕೊಟ್ಟ. ಸಭೆ ಮೆಚ್ಚಿದರೆ ಮನೆಯಲ್ಲಿಟ್ಟುಕೊಂಡು ಅವನ ಪುಸ್ತಕದ ಪ್ರತಿ ಮಾಡಿಸುವುದು, ಇಲ್ಲದಿದ್ದರೆ ಮರಳಿ ಹಡಗು ಹತ್ತಿಸುವುದು ಎಂದು ಮಾತಾಗಿತ್ತು. ಟಿಟಿಯಾನಸ್ ಓದಿದ್ದು ಮುಳುಗಿಹೋದ ಬೆಸ್ತನೊಬ್ಬನ ಹೆಂಡತಿಯ ಬಗ್ಗೆ. ಆಕೆ ದಿನವೂ ಸಂಜೆ ಅವನ ಬಲೆಯ ಹರಕನ್ನು ಹೊಲಿದಿಡುತ್ತಾಳೆ; ಅಷ್ಟೇ ಕಥೆ. ಓದು ಮುಗಿಯಿತು. ನಲವತ್ತು ಜನ ಮಮಿಲಿಯಸನ ಕೈ ನೋಡಿದರು. ಕೈಗಳು ತೊಡೆಯ ಮೇಲೆ ಸತ್ತಂತೆ ಬಿದ್ದಿದ್ದವು. ಮೂಗಿನ ತುದಿಯಿಂದ ಕಣ್ಣೀರು ಇಳಿಯುತ್ತಿತ್ತು. ನಾನಾದರೂ ತಟ್ಟಬಹುದಿತ್ತು. ಮುಂದಿನ ವಾರ ನನ್ನದೇ ಓದು ಇತ್ತಾದ್ದರಿಂದ ನಾನೂ ಅವನ ಕೈಯನ್ನೇ ನೋಡುತ್ತಿದ್ದೆ. ಆ ನಿಶ್ಶಬ್ದದಲ್ಲಿ ಟಿಟಿಯಾನಸ್ ತನ್ನ ಕಾವ್ಯದ ಸುರುಳಿ ಸುತ್ತಿಕೊಂಡು ಹೊರಟುಹೋದ.

ಮರುದಿನ ಬೆಳಿಗ್ಗೆ ಆಶ್ರಿತರೆಲ್ಲ ಧಣಿಯ ಅಂಗಳದಲ್ಲಿ ನಮಸ್ಕಾರಕ್ಕೆ ಸಾಲುಗಟ್ಟಿದ್ದೆವು.

"ಏನಯ್ಯಾ ಮಮಿಲಿಯಸ್," ಎಂದ ವೊಕೋನಿಯಸ್, "ಆ ಬೆಸ್ತರ ಪದ್ಯ ನಿನ್ನಂಥವನಿಗೂ ರುಚಿಸಲಿಲ್ಲ ಅನ್ನು. ಅವನಿಗೆ ಹಡಗಿನ ವ್ಯವಸ್ಥೆ ಮಾಡಿಸ್ತಿದ್ದೀನಿ."

ಹೂಂ ಎಂದಿದ್ದರೆ ಮುಗಿಯುತ್ತಿತ್ತು. "ಹೂಂ ಅನ್ನೋ, ಮಾರಾಯ," ಎಂದು ನಾನೇ ಅವನ ಪಕ್ಕೆ ತಿವಿದೆ.

"ಹರ್ಕ್ಯುಲಿಸನಾಣೆ ಧಣಿ, ತಪ್ಪು ನಂದು," ಎಂದ ಅವನು. "ಕೇಳ್ತಾ ಕೂತ್ಬಿಟ್ಟೆ. ತಟ್ಟೋದು ಮರೆತೇಹೋಯ್ತು."

"ಓಹೋ. ನನ್ನ ಕಾವ್ಯಕ್ಕೆ ಹನ್ನೊಂದು ವರ್ಷದಲ್ಲಿ ಒಂದ್ಸಲಾನೂ ಮರೀಲಿಲ್ಲವಲ್ಲ?"

ಮಮಿಲಿಯಸ್ ಟೋಗಾದ ಮಡಿಕೆಯನ್ನು ಎರಡು ಸಲ ಸರಿಮಾಡಿಕೊಂಡ.

"ಇಲ್ಲ ಧಣಿ," ಎಂದ ಮೆಲ್ಲಗೆ. "ಮರೆಯೋ ಹಾಗೆ ಆಗ್ಲಿಲ್ಲ."

ಆ ಸಂಜೆಯಿಂದ ಕೊನೆಯ ಮಂಚದಲ್ಲಿ ಬೇರೆಯವನು ಒರಗಿದ. ಟಿಟಿಯಾನಸ್ ಮಾತ್ರ ರೋಮಿನಲ್ಲೇ ಉಳಿದ. ಮಮಿಲಿಯಸನ ಕೈಗಳನ್ನೇ ಕಟ್ಟಿಹಾಕಿದ ಕವಿ ತನ್ನ ಮನೆಯಲ್ಲಿದ್ದಾನೆಂದು ಹೇಳಿಕೊಳ್ಳುವ ಆಸೆಯನ್ನು ವೊಕೋನಿಯಸ್ ಬಿಡಲಾರದೆ ಹೋದ. ನಮ್ಮ ಹಸಿದ ನಾಯಕ ಮೊದಲ ವಾರ ನನ್ನ ಮನೆಯ ಬಟಾಣಿ ಗಂಜಿಯಲ್ಲಿ ಕಳೆದ, ಮುಂದಿನ ವಾರ ಇನ್ನೊಬ್ಬರ ಮನೆಯಲ್ಲಿ.

ಹೊಟ್ಟೆಪಾಡಿಗೆ ಹೊಗಳುವವರನ್ನು ಕಂಡು ನಾವು ನಗುತ್ತೇವೆ. ಆದರೆ ಊರಿನ ಕೆಟ್ಟ ಕಾವ್ಯವನ್ನೆಲ್ಲ ಕೊನೆಯ ಸಾಲಿನವರೆಗೆ ಕೂತು ಕೇಳುವವರು ಅವರೊಬ್ಬರೇ. ಒಳ್ಳೆಯದೊಂದು ಬಂದಾಗ ಅದರ ಗುರುತು ಹತ್ತುವುದೂ ಅವರಿಗೇ ಮೊದಲು. ಬರೆಯುವ ನಾವು ಇನ್ನೊಬ್ಬನು ಓದುತ್ತಿರುವಾಗ ನಮ್ಮ ಸರದಿ ಯಾವಾಗ ಬಂದೀತೆಂದು ಲೆಕ್ಕ ಹಾಕುತ್ತಿರುತ್ತೇವೆ. ಆ ಹೊಗಳುವವರು ತಮ್ಮ ಹೆಸರಿನಲ್ಲಿ ಒಂದು ಸಾಲನ್ನೂ ಬಿಟ್ಟುಹೋಗುವುದಿಲ್ಲ. ನಾವು ಬಿಟ್ಟುಹೋಗುವ ಸಾಲುಗಳಲ್ಲಿ ಯಾವುದು ಉಳಿಯಬೇಕಾದದ್ದೆಂದು ಬಲ್ಲವರು ಮಾತ್ರ ಅವರೇ.