ಕೆರೆಯಣ್ಣನ ಗದ್ದೆಯಲ್ಲೊಂದು ಪೈಪು

ಊರಿನವರೆಲ್ಲ ಅವನನ್ನು ಕೆರೆಯಣ್ಣ ಎಂದೇ ಕರೆಯುತ್ತಿದ್ದರು. ನಾಟಿಯ ದಿನದಿಂದ ಕೊಯ್ಲು ಹತ್ತಿರವಾಗುವವರೆಗೂ ಅವನ ಭತ್ತದ ಗದ್ದೆಯಲ್ಲಿ ಕಣಕಾಲು ಮುಳುಗುವಷ್ಟು ನೀರು ನಿಂತೇ ಇರುತ್ತಿತ್ತು. ಆ ಹೆಸರಿನಿಂದ ಅವನಿಗೆ ಬೇಸರವೇನಿಲ್ಲ, ಒಳಗೊಳಗೇ ಜಂಭ. ಮಣ್ಣು ಕಾಣುವ ಗದ್ದೆ ಎಂದರೆ ಅವನ ಪಾಲಿಗೆ ಸೋಮಾರಿಯ ಗದ್ದೆ.

ಅದೇ ಕಾಲುವೆಯ ತುದಿಯಲ್ಲಿ ಅವನ ತಂಗಿಯ ಗದ್ದೆ. ನೀರು ಮೊದಲು ಅಣ್ಣನಿಗೆ, ಮಿಕ್ಕಿದ್ದು ತಂಗಿಗೆ. ಈ ಸಲ ಮಿಕ್ಕುತ್ತಲೇ ಇರಲಿಲ್ಲ. ನಾಟಿಯಾಗಿ ಇಪ್ಪತ್ತೈದು ದಿನಕ್ಕೇ ಅವಳ ಗದ್ದೆಯ ನೆಲ ಬಿರಿದು, ಪೈರಿನ ಎಲೆಗಳು ಸುರುಳಿ ಸುತ್ತತೊಡಗಿದ್ದವು.

ಒಂದು ಬೆಳಿಗ್ಗೆ ತಂಗಿ ಬಂದು ಬಾಗಿಲಲ್ಲೇ ನಿಂತಳು.

"ಅಣ್ಣ, ಇನ್ನೊಂದು ವಾರ ನೀರು ಬರ್ಲಿಲ್ಲ ಅಂದ್ರೆ ನನ್ನ ಪೈರು ಕೈಬಿಟ್ಟ ಹಾಗೇ."

"ನಂಗೇ ಸಾಲ್ತಿಲ್ಲ ಕಣೇ. ನಾನೇನು ನೀರು ಮುಚ್ಚಿಟ್ಕೊಂಡಿದೀನಾ?"

"ಮುಚ್ಚಿಟ್ಟಿಲ್ಲ, ಎಲ್ಲರಿಗೂ ಕಾಣೋ ಹಾಗೇ ಇಟ್ಟಿದೀಯ" ಎಂದವಳೇ ಹಿಂತಿರುಗಿ ನೋಡದೆ ಹೊರಟುಹೋದಳು.

ಕೆರೆಯಣ್ಣ ಆ ದಿನ ಊಟ ಅರ್ಧಕ್ಕೇ ಬಿಟ್ಟು ಎದ್ದ. ತಂಗಿ ಎಂದರೆ ಅವನಿಗೆ ಜೀವ. ಆದರೆ ಗದ್ದೆ ಒಣಗಿಸುವುದೆಂದರೆ ಜೀವ ಹೋದ ಹಾಗೆ.

"ಕೃಷಿ ಕೇಂದ್ರದ ಹುಡುಗಿ ಅದೇನೋ ಪೈಪಿನ ವಿಷಯ ಹೇಳಿದ್ಲಲ್ಲ, ಒಂದ್ಸಲ ಕಿವಿಗಾದ್ರೂ ಹಾಕ್ಕೊಳ್ರೀ" ಎಂದಳು ಹೆಂಡತಿ.

ಹೆಂಡತಿ ಹೇಳಿಕಳಿಸಿದ್ದರಿಂದ ಮರುದಿನ ಆ ಹುಡುಗಿ ಒಂದು ಅಡಿ ಉದ್ದದ, ಕೈ ಸಲೀಸಾಗಿ ಒಳಗೆ ಹೋಗುವಷ್ಟು ಅಗಲದ ಪೈಪಿನ ತುಂಡು ಹಿಡಿದು ಗದ್ದೆಗೆ ಬಂದಳು. ಅದರ ಕೆಳಭಾಗದ ತುಂಬ ತೂತುಗಳಿದ್ದವು. ಕೆರೆಯಣ್ಣ ಮೂಗು ಮುರಿದ.

"ಏನಮ್ಮ, ಇದರಲ್ಲಿ ಹಿಟ್ಟು ಜರಡಿ ಹಿಡೀತೀಯಾ?"

ಅವಳು ನಕ್ಕಳು. "ಮೊದಲು ಗದ್ದೆಗೆ ಇಳೀರಿ ಅಣ್ಣ. ಆ ಕೆಸರನ್ನ ಒಂದ್ಸಲ ಗಟ್ಟಿಯಾಗಿ ತುಳೀರಿ."

ತುಳಿದ. ನೀರಿನ ಮೇಲೆ ಗುಳುಗುಳು ಗುಳ್ಳೆ ಎದ್ದವು. ಹುಟ್ಟಿದಾಗಿನಿಂದ ನೋಡಿದ ಗುಳ್ಳೆಗಳೇ, ಏನೆಂದು ಕೇಳಿದವನಲ್ಲ.

"ಸದಾ ನೀರಲ್ಲಿ ಮುಳುಗಿರೋ ಮಣ್ಣಿಗೆ ಗಾಳಿ ಸಿಗಲ್ಲ. ಒಳಗೆ ಕೊಳೆತು ಮೀಥೇನ್ ಅನ್ನೋ ಅನಿಲ ಹುಟ್ಟತ್ತೆ. ಭೂಮಿಯ ಬಿಸಿ ಏರಿಸೋದ್ರಲ್ಲಿ ಅದರದ್ದೂ ಕೈ ಇದೆ. ನಡುನಡುವೆ ನೀರು ಇಳಿಯೋಕೆ ಬಿಟ್ರೆ ಮಣ್ಣು ಉಸಿರಾಡತ್ತೆ, ಅನಿಲ ಕಡಿಮೆಯಾಗತ್ತೆ, ನೀರೂ ಉಳಿಯತ್ತೆ."

"ಪೈರು ಉಳಿಯತ್ತಾ? ಅದನ್ನ ಹೇಳು."

"ಅದನ್ನ ಹೇಳೋಕೇ ಈ ಪೈಪು. ಎಂಟು ಇಂಚು ಮಣ್ಣಿನೊಳಗೆ, ನಾಲ್ಕು ಇಂಚು ಮೇಲೆ. ಒಳಗಿನ ನೀರು ನೆಲದಿಂದ ಅರ್ಧ ಅಡಿ ಕೆಳಗೆ ಇಳಿಯೋವರೆಗೂ ಗದ್ದೆಗೆ ನೀರು ಬೇಡ. ಇಳಿದ ಮೇಲೆ ಎರಡು ಇಂಚು ನಿಲ್ಲೋ ಹಾಗೆ ಬಿಡಿ."

ಇನ್ನೂ ಏನೋ ಹೇಳುವವಳಿದ್ದಳು. "ಗೊತ್ತಾಯ್ತು, ಪೈಪು ಹೂಳೋಕೆ ಪಾಠ ಬೇಕಾ?" ಎಂದು ಕೆರೆಯಣ್ಣ ತಾನೇ ಅದನ್ನು ಕೆಸರಿಗೆ ಒತ್ತಿ ಕೈ ತೊಳೆದುಕೊಂಡ.

ನಾಲ್ಕನೆಯ ದಿನ ಮೇಲಿನ ನೀರು ಇಂಗಿ ಮಣ್ಣು ಕಂಡಿತು. ಅವನು ಪೈಪಿನ ಬಳಿಗೆ ಓಡಿದ. ಪೈಪಿನೊಳಗೆ ಇಣುಕಿದರೆ ಒಂದು ತೊಟ್ಟು ನೀರಿಲ್ಲ, ಒಣಗುತ್ತಿರುವ ಮಣ್ಣು. ಗುದ್ದಲಿ ಹಿಡಿದು, ನಾಲ್ಕು ದಿನ ನಿಂತಿದ್ದು ಆಗಷ್ಟೇ ಕಾಲುವೆಗೆ ಬಂದು ತಂಗಿಯ ಕಡೆ ಹೊರಟಿದ್ದ ನೀರನ್ನೆಲ್ಲ ತನ್ನ ಗದ್ದೆಗೆ ತಿರುಗಿಸಲು ನಿಂತ. ಅಷ್ಟರಲ್ಲಿ ಕೃಷಿ ಕೇಂದ್ರದ ಹುಡುಗಿ ಬದುವಿನ ಮೇಲೆ ಬರುತ್ತಿದ್ದಳು.

"ನೋಡಮ್ಮ ನಿನ್ನ ಪೈಪಿನ ಕಥೆ! ಒಣಗಿ ಕೂತಿದೆ. ನಿನ್ನ ಮಾತು ಕೇಳಿ ನಾನು ಕೆಟ್ಟೆ."

ಅವಳು ಬಗ್ಗಿ ನೋಡಿದಳು. ನಗು ತಡೆಯಲಾಗಲಿಲ್ಲ. "ಅಣ್ಣ, ಒಳಗಿನ ಮಣ್ಣು ತೆಗೆದೇ ಇಲ್ವಲ್ಲ! ಮಣ್ಣು ತುಂಬಿರೋ ಪೈಪಲ್ಲಿ ನೀರು ಎಲ್ಲಿ ಕಾಣಬೇಕು?"

ತೋಳು ಮೇಲೇರಿಸಿ, ಪೈಪಿನೊಳಗೆ ಕೈಯಿಳಿಸಿ, ತಳದವರೆಗಿನ ಮಣ್ಣನ್ನೆಲ್ಲ ಹಿಡಿಹಿಡಿಯಾಗಿ ಎತ್ತಿ ಹೊರಗೆ ಹಾಕಿದಳು. ಕಡ್ಡಿಯಿಂದ ತೂತುಗಳನ್ನು ಬಿಡಿಸಿದಳು. ಇಬ್ಬರೂ ಬದುವಿನ ಮೇಲೆ ಕುಳಿತು ಕಾದರು. ಅರ್ಧ ಗಂಟೆಯಲ್ಲಿ ತೂತುಗಳಿಂದ ಜಿನುಗಿದ ನೀರು ಪೈಪಿನೊಳಗೆ ಮೆಲ್ಲಗೆ ಏರಿ ನಿಂತಿತು. ಕೆರೆಯಣ್ಣ ಬೆರಳಿಟ್ಟು ಅಳೆದ. ನೆಲದಿಂದ ಮೂರೇ ಇಂಚು ಕೆಳಗೆ.

"ಅಂದ್ರೆ... ಇಷ್ಟು ನೀರು ಇದೆಯಾ ಒಳಗೆ?"

"ಇದೆ ಅಣ್ಣ. ಪೈರು ಕುಡಿಯೋದು ಬೇರಿನಿಂದ ಅಲ್ವಾ? ಅಲ್ಲಿ ಬೇಕಾದಷ್ಟಿದೆ."

ಇಷ್ಟು ವರ್ಷ ತಾನು ಕಣ್ಣಿಗೆ ನೀರು ಕಾಣಲೆಂದು ನೀರು ನಿಲ್ಲಿಸಿದ್ದು, ಪೈರಿಗಲ್ಲ ಎಂದು ಕೆರೆಯಣ್ಣನಿಗೆ ನಾಚಿಕೆಯಾಯಿತು. ಎದ್ದು, ಗದ್ದೆಗೆ ನೀರು ಬರುವ ಬಾಯನ್ನು ಮಣ್ಣಿನಿಂದ ಭದ್ರವಾಗಿ ಮುಚ್ಚಿದ. ಆಮೇಲೆ ಕಾಲುವೆಯುದ್ದಕ್ಕೂ ಕಸ, ಜೊಂಡು ಎಳೆದು ಹಾಕುತ್ತ ನೀರಿನ ಜೊತೆಗೇ ಕೆಳಗೆ ನಡೆದ.

ತಂಗಿ ತನ್ನ ಗದ್ದೆಯಲ್ಲಿ ಕಳೆ ಕೀಳುತ್ತಿದ್ದಳು. ಬಿರುಕಿನೊಳಗೆ ನೀರು ಇಳಿಯುವ ಸದ್ದು ಕೇಳಿ ತಲೆಯೆತ್ತಿದಳು.

"ನಿನ್ನ ಗದ್ದೆಗೆ ಅಣ್ಣ?"

"ನಂಗೆ ಇನ್ನೂ ಎರಡು ದಿನ ಬೇಡ. ನಿನ್ನ ಪೈರು ಕುಡೀಲಿ. ತಪ್ಪು ನಂದೇ ಕಣೇ."

ಅವಳು ಮಣ್ಣುಗೈಯಲ್ಲೇ ಕಣ್ಣೊರೆಸಿಕೊಂಡಳು. ಆ ಸಲ ಅಣ್ಣನ ಗದ್ದೆಯಲ್ಲಿ ಎಂದಿನಷ್ಟೇ ಭತ್ತ ಬಂತು. ತಂಗಿಯ ಕಣದಲ್ಲೂ ರಾಶಿ ಬಿತ್ತು.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನೀವೂ ಒಂದು ಗದ್ದೆಯಲ್ಲಿ ಮಾಡಿ ನೋಡಿ. ನಾಟಿಯಾದ ಮೊದಲ ಎರಡು ವಾರ ನೀರು ನಿಲ್ಲಿಸಿ, ಕಳೆ ಹತೋಟಿಗೆ ಬರಲಿ. ಆಮೇಲೆ ಪೈಪು ಹೂಳಿ, ಒಳಗಿನ ಮಣ್ಣು ತೆಗೆಯುವುದನ್ನು ಮಾತ್ರ ಮರೆಯಬೇಡಿ. ಹೂ ಬಿಡುವ ಹೊತ್ತಿನಲ್ಲಿ ಪೈರನ್ನು ಒಣಗಿಸಬೇಡಿ, ಎರಡು ಇಂಚು ನೀರು ಇರಲಿ. ಅನುಮಾನವಿದ್ದರೆ ಹತ್ತಿರದ ಕೃಷಿ ಕೇಂದ್ರದಲ್ಲಿ ಕೇಳಿ, ಕೇಳುವುದರಲ್ಲಿ ನಾಚಿಕೆಯಿಲ್ಲ. ನಿಮ್ಮ ಗದ್ದೆಯ ಕೆಳಗೂ ಯಾರದೋ ಗದ್ದೆ ಇದೆ. ಇವತ್ತು ನೀವು ಬಿಟ್ಟುಕೊಡುವ ನೀರಿಗಾಗಿ ಅವರು ಕಾಯುತ್ತಿದ್ದಾರೆ.